ತುಕ್ಕು ಹಿಡಿಯದ ಕೊಂಡಿ

ಬಸಗೊಂಡಪ್ಪನ ನೇಗಿಲು ಕಾರ್ಖಾನೆಯಲ್ಲಿ ಮನುಷ್ಯರಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಒಂದು ಕೊಂಡಿಗೆ.

ಕಾರ್ಖಾನೆ ಇದ್ದದ್ದು ವಿಜಾಪುರದಿಂದ ತಿಕೋಟಾಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಜೋಳದ ಹೊಲ ಶುರುವಾಗುವ ಕಡೆ. ತಗಡಿನ ಚಾವಣಿಯ ಕೆಳಗೆ ನೆಲದಲ್ಲಿ ತೋಡಿದ ಭಟ್ಟಿ, ಅದರ ಪಕ್ಕದಲ್ಲಿ ಎಣ್ಣೆ ತುಂಬಿದ ಕಲ್ಲಿನ ಹೌದು, ಅಂದರೆ ತೊಟ್ಟಿ. ನೇಗಿಲ ಕುಳಗಳನ್ನು ಕಬ್ಬಿಣದ ಬುಟ್ಟಿಯಲ್ಲಿ ತುಂಬಿ, ಬುಟ್ಟಿಯನ್ನು ಕೊಂಡಿಗೆ ಸಿಕ್ಕಿಸಿ, ಕೊಂಡಿಯ ಸಮೇತ ಬೆಂಕಿಯೊಳಗೆ ಇಳಿಬಿಡುತ್ತಿದ್ದರು. ಕುಳಗಳು ಕೆಂಪಗೆ ಕಾದ ಮೇಲೆ ಮೇಲಿನ ತೊಲೆಗೆ ತೂಗುಹಾಕಿದ ಗಡಗಡಿಯ ಸರಪಳಿ ಎಳೆದು ಬುಟ್ಟಿಯನ್ನು ಮೇಲೆತ್ತುವುದು, ಒಬ್ಬ ಮನುಷ್ಯ ಕೋಲಿನಿಂದ ಅದನ್ನು ನೂಕುತ್ತ ಹೌದಿನ ನೆತ್ತಿಗೆ ತರುವುದು, ಅಲ್ಲಿಂದ ಎಣ್ಣೆಗೆ ಇಳಿಸುವುದು. ಎಣ್ಣೆಗೆ ಬಿದ್ದ ಕುಳ ಗಟ್ಟಿಯಾಗುತ್ತದೆ, ಕರೀ ಮಣ್ಣಿನಲ್ಲಿ ಬೇಗ ಸವೆಯುವುದಿಲ್ಲ. ಕೋಲು ಹಿಡಿಯುವ ಆ ಒಬ್ಬ ಮನುಷ್ಯ ತಿಕೋಟಾದ ಹಣಮಂತ. ಭಟ್ಟಿಗೂ ಹೌದಿಗೂ ನಡುವೆ ಇದ್ದದ್ದು ಓಣಿಯಷ್ಟು ಜಾಗ. ಬೆಂಕಿಯಂಥ ಬುಟ್ಟಿ ಅವನ ಎದೆಯ ಎತ್ತರದಲ್ಲಿ, ತೋಳಳತೆಯ ದೂರದಲ್ಲಿ ತೂಗುತ್ತ ಜೊತೆಗೇ ಬರುತ್ತಿತ್ತು. ಅದು ನೆಲಕ್ಕೆ ಬಿದ್ದರೆ ಅವನ ಕಾಲ ಮೇಲೆ, ಎಣ್ಣೆಗೆ ಬಿದ್ದರೆ ಎಣ್ಣೆ ಅವನ ಮೈಮೇಲೆ.

ಮೊದಲು ಅಲ್ಲಿ ಸಾದಾ ಕಬ್ಬಿಣದ ಕೊಂಡಿಗಳಿದ್ದವು. ಬೆಂಕಿಯಲ್ಲಿ ಅವುಗಳ ಮೈಯಿಂದ ಕರೀ ಹಕ್ಕಳೆ ಉದುರುತ್ತಿತ್ತು, ಬರಬರುತ್ತ ಸಣಕಲಾಗುತ್ತಿದ್ದವು. ಕಣ್ಣಿದ್ದವನಿಗೆ ಸಾಕು, ಇದರ ಕಾಲ ಮುಗಿಯಿತು ಎಂದು ತಿಳಿಯುತ್ತಿತ್ತು. ಹಣಮಂತ ಬಿಚ್ಚಿ ಎಸೆಯುತ್ತಿದ್ದ, ಜೋರಾಪುರ ಪೇಟೆಯ ಕಮ್ಮಾರ ಮುರ್ತುಜಾಸಾಬ ಇನ್ನೊಂದನ್ನು ಬಾಗಿಸಿ ಕೊಡುತ್ತಿದ್ದ. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಬಸಗೊಂಡಪ್ಪ ಸೊಲ್ಲಾಪುರದ ಮೋಡಕಾ ಬಜಾರದಿಂದ, ಅಂದರೆ ಗುಜರಿ ಪೇಟೆಯಿಂದ, ಹಳೇ ಲೋಹದ ರಾಶಿಯೊಳಗಿನ ಒಂದು ಸರಳನ್ನು ಆರಿಸಿ ತಂದ. ವಿಮಾನದ ಎಂಜಿನ್ನಿನೊಳಗೆ, ಬೆಂಕಿಯ ಬಾಯಲ್ಲೇ ತಿರುಗುವ ರೆಕ್ಕೆಗಳಿಗೆಂದು ಮಾಡಿದ ನಿಕ್ಕೆಲ್ ಮಿಶ್ರಲೋಹವಂತೆ. ಅದನ್ನು ಬಾಗಿಸುವಷ್ಟರಲ್ಲಿ ಮುರ್ತುಜಾಸಾಬನ ತಿದಿಯ ಚರ್ಮ ಹರಿಯಿತು. ಬಾಗಿದ ಮೇಲೆ ಮಾತ್ರ ಅದು ಬೆಂಕಿಗೆ ಸೊಪ್ಪು ಹಾಕಲಿಲ್ಲ. ಹಕ್ಕಳೆ ಇಲ್ಲ, ತುಕ್ಕು ಇಲ್ಲ. ಬೂದಿಯಿಂದ ತಿಕ್ಕಿದರೆ ಹೊಳಪು.

ಹೊಳಪು ಕಂಡ ಕಡೆ ಕೈಮುಗಿಯುವವರು ಕಡಿಮೆ ಇರಲಿಲ್ಲ. ಆ ಕಾರ್ಖಾನೆಯಲ್ಲಿ ದಸರೆಯ ಖಂಡೇ ಪೂಜೆಗೆ ಒಂದು ರೂಢಿ ಇತ್ತು. ವರ್ಷವಿಡೀ ಮುರಿಯದೆ ಉಳಿದ ಹತಾರಗಳನ್ನು ಕಂಬಳಿಯ ಮೇಲೆ ಇಟ್ಟು, ಎಲ್ಲಕ್ಕಿಂತ ಹಳೆಯದನ್ನು ಮೇಲೆ ಕೂರಿಸಿ, ಅದಕ್ಕೆ 'ಹಿರೀಕ' ಎಂದು ಹೆಸರಿಟ್ಟು, ಅದನ್ನು ವಾಪರಿಸುವವನಿಗೆ ಒಂದು ರುಮಾಲು ಕೊಡುವುದು. ಹಿರೀಕನನ್ನು ಮೋಡಕಾಕ್ಕೆ ಹಾಕುವಂತಿಲ್ಲ, ಅದರ ತಪ್ಪು ಹುಡುಕುವಂತಿಲ್ಲ. ಕೊಂಡಿ ಹಿರೀಕನಾಗಿ ಎರಡು ದಸರೆ ದಾಟಿದ್ದವು. ವರ್ಷವಿಡೀ ಹಣಮಂತನ ಕೈಯಲ್ಲೇ ಇದ್ದ ಕೊಂಡಿ ಆ ಒಂದು ದಿನ ಮಾತ್ರ ಅವನು ಮುಟ್ಟಿದರೆ ಮೈಲಿಗೆಯಾಗುವ ವಸ್ತುವಾಗುತ್ತಿತ್ತು. ಹೊಲಗೇರಿಯ ಹಣಮಂತ ಬಾಗಿಲಾಚೆ ನಿಂತು ಎರಡೂ ಕೈ ಚಾಚುತ್ತಿದ್ದ. ಬಸಗೊಂಡಪ್ಪ ಮೇಲಿನಿಂದ ರುಮಾಲನ್ನು ಉದುರಿಸುತ್ತಿದ್ದ. ಬುಟ್ಟಿ ಬೀಳದೆ ಬರುತ್ತಿದ್ದದ್ದು ತನ್ನ ಪುಣ್ಯದಿಂದ ಎಂದು ಆ ಸಾಹುಕಾರ ನಿಜವಾಗಿಯೂ ನಂಬಿದ್ದ.

ಇದನ್ನೆಲ್ಲ ಸಿಟ್ಟಿನಿಂದ ನೋಡುತ್ತಿದ್ದವನು ದಶರಥ. ಕಳ್ಳಕವಟಗಿಯವನು, ಹಣಮಂತನ ಹೆಂಡತಿ ಮಾಳವ್ವನ ತಮ್ಮ. ಐವತ್ತೇಳರಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡು ಮನೆಯ ದೇವರ ಜಗಲಿಯನ್ನು ತಾನೇ ಒಡೆದಿದ್ದ. ಲೋಹವಿದ್ಯೆಯಲ್ಲಿ ಡಿಪ್ಲೊಮಾ ಮಾಡಿ ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ಎಂಜಿನ್ ಲೋಹದ ತುಂಡುಗಳನ್ನು ಕಾಯಿಸಿ, ಉಜ್ಜಿ, ಸೂಕ್ಷ್ಮದರ್ಶಕದ ಕೆಳಗೆ ಇಡುವ ಹಂಗಾಮಿ ಕೆಲಸದಲ್ಲಿದ್ದ. ಹಂಗಾಮು ಮುಗಿಯಿತು, ಊರಿಗೆ ಬಂದ. ಡಿಪ್ಲೊಮಾ ಆದವನೊಬ್ಬ ತಪಾಸಣೆಗೆ ಇದ್ದರೆ ಮಾತ್ರ ಸರ್ಕಾರಿ ಗಿರಾಕಿ ಸಿಗುತ್ತದೆ ಎಂದು ಗೊತ್ತಾದ ಮೇಲೆ ಬಸಗೊಂಡಪ್ಪ ಅವನನ್ನು ಕರೆದಿದ್ದ. ಬಂದ ಸಾಹೇಬರಿಗೆಲ್ಲ ಅವನನ್ನು ತೋರಿಸಿ, "ನೋಡ್ರಿ, ನಮ್ಮಲ್ಲಿ ಭೇದಭಾವ ಇಲ್ಲ" ಎನ್ನುತ್ತಿದ್ದ. ಚಹಾದ ಬಟ್ಟಲು ಮಾತ್ರ ದಶರಥನದು ಕಿಟಕಿಯಾಚೆ ಬೇರೆ ಇತ್ತು. ಅವನು ಅಲ್ಲಿ ಒಂದು ದಿನವೂ ಚಹಾ ಕುಡಿಯಲಿಲ್ಲ.

ಅರವತ್ತಾರರ ಭಾದ್ರಪದದಲ್ಲಿ ಒಂದು ಮಧ್ಯಾಹ್ನ ದಶರಥ ಭಟ್ಟಿಯ ಕಡೆ ಬಂದಾಗ ಹಣಮಂತ ಉಳಿ ಸುತ್ತಿಗೆ ಹಿಡಿದು ಹೌದಿನ ಅಂಚನ್ನು ಕೆತ್ತುತ್ತ ಕೂತಿದ್ದ.

"ಏನ ಮಾಡಾಕತ್ತಿ ಮಾಂವಾ?"

"ಕಾಣವಲ್ದೇನು? ಕಲ್ಲ ಕಡ್ಯಾಕತ್ತೇನಿ. ಸರಪಳಿ ಪೂರಾ ಜಗ್ಗಿದ್ರೂ ಬುಟ್ಟಿ ತಳಾ ಅಂಚಿಗೆ ಬಡ್ಯಾಕತ್ತೇತಿ."

"ಮೊದಲ ಬಡೀತಿರಲಿಲ್ಲಲ್ಲ."

"ಇರಲಿಲ್ಲ. ಹ್ವಾದ ವರ್ಷಾನೂ ಒಂದೀಟ ಕಡದಿದ್ದೆ. ಕರೀ ನೆಲಾ ನೋಡು, ಮಳಿ ಬಿದ್ರ ಉಬ್ಬತೈತಿ. ಹೌದು ಮ್ಯಾಲ ಎದ್ದಿರಬೇಕು."

"ಹೌದು ಎದ್ರ ಅದರ ಸುತ್ತಲಿನ ಗ್ವಾಡಿ ಬಿರೀಬೇಕು. ಎಲ್ಲಿ ಬಿರದೈತಿ, ತೋರಸು."

"ಹಂಗಾದ್ರ ಮ್ಯಾಲಿನ ತೊಲಿ ಜಗ್ಗಿರಬೇಕು ಬಿಡು."

"ಕೊಂಡಿ ಯಾಕ ಜಗ್ಗಿರಬಾರದು?"

ಉಳಿ ನಿಂತಿತು. ಹಣಮಂತ ಭಾಮೈದನ ಮುಖವನ್ನು, ತಲೆ ಸರಿ ಇದೆಯೋ ಇಲ್ಲವೋ ಎಂದು ನೋಡುವ ಹಾಗೆ ನೋಡಿದ. "ಅದು ಹಿರೀಕ ಐತಿ. ಅದ್ಯಾಕ ಜಗ್ಗತೈತಿ?"

ಹಿರೀಕ ಉದ್ದವಾದರೆ ಕಿರಿಯನ ತಲೆ ಕಡಿಯಬೇಕು. ಇದು ಆ ಕಾರ್ಖಾನೆಯ ಯಂತ್ರಶಾಸ್ತ್ರ. ನೆಲ ಉಬ್ಬುತ್ತದೆ, ತೊಲೆ ಜಗ್ಗುತ್ತದೆ, ಕಲ್ಲು ಮೇಲೇಳುತ್ತದೆ. ಪೂಜೆ ಮಾಡಿಸಿಕೊಂಡದ್ದು ಮಾತ್ರ ಅಲುಗುವುದಿಲ್ಲ. ದಶರಥನಿಗೆ ನಗು ಬಂತು. ಆಮೇಲೆ ಬುಟ್ಟಿ ಬಂದು ಹೋಗುವ ಆ ಓಣಿಯಷ್ಟು ಜಾಗದಲ್ಲಿ ಅಕ್ಕನ ಗಂಡ ಬರಿಗಾಲಲ್ಲಿ ಕೂತಿದ್ದಾನೆ ಎಂಬುದು ಕಣ್ಣಿಗೆ ಬಿತ್ತು.

ಮುರ್ತುಜಾಸಾಬನ ಅಂಗಡಿಯಲ್ಲಿ ಕೊಂಡಿಗಳ ಅಳತೆಗೆಂದು ಬಾಗಿಸಿಟ್ಟ ಒಂದು ತಂತಿ ಇತ್ತು. ಮರುದಿನ ದಶರಥ ಅದನ್ನು ತಂದು ತಣ್ಣಗಿದ್ದ ಕೊಂಡಿಯ ಪಕ್ಕ ಹಿಡಿದ. ಕೊಂಡಿಯ ದಂಟು ತಂತಿಗಿಂತ ಹೆಬ್ಬೆರಳಿನ ಅಗಲದಷ್ಟು ಉದ್ದವಾಗಿತ್ತು. ನಡುವೆ ಒಂದು ಕಡೆ ಸೊಂಟ ಸಣ್ಣಗಾಗಿತ್ತು, ಕೈಯಾಡಿಸಿದರೆ ಮಾತ್ರ ತಿಳಿಯುವಷ್ಟು.

ಆ ಸಂಜೆ ಅವನು ತಿಕೋಟಾಕ್ಕೆ ಅಕ್ಕನ ಮನೆಗೆ ಹೋದ. ಮಾಳವ್ವ ರೊಟ್ಟಿ ಬಡಿಯುತ್ತಿದ್ದಳು. ಹಣಮಂತ ಗೋಡೆಗೆ ಒರಗಿ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡಿದ್ದ. ಗೂಟದಲ್ಲಿ ಹೋದ ದಸರೆಯ ರುಮಾಲು ಮಡಿಕೆ ಕೆಡದ ಹಾಗೆ ನೇತಾಡುತ್ತಿತ್ತು.

"ಮಾಂವಾ, ಆ ಕೊಂಡಿ ತಗಸು," ಎಂದ ದಶರಥ.

"ತುಕ್ಕ ಹಿಡದೈತೇನು?"

"ಇಲ್ಲ."

"ಸೀಳ ಬಿಟ್ಟೈತೇನು?"

"ಕಾಣೂ ಹಂಗ ಇಲ್ಲ. ಒಳಗ ಮುದುಕ ಆಗೇತಿ."

"ನಾನೂ ಆಗೇನಿ. ನನ್ನೂ ತಗಸ್ತಿ?"

ಮಾಳವ್ವ ಒಲೆಯ ಮುಂದಿನಿಂದಲೇ, "ನಿನ್ನ ತಗದ್ರ ನನಗೂ ಒಂದೀಟ ಸುಖ ಆಗತೈತಿ. ತಮ್ಮಾ, ಅದೇನ ಹೇಳತಿ ತಿಳಿಯೂ ಹಂಗ ಹೇಳು" ಎಂದಳು.

ದಶರಥ ಹೇಳಿದ. ಬರೀ ನಿಕ್ಕೆಲ್ ಕಾದರೆ ಮೆತ್ತಗಾಗುತ್ತದೆ. ಅದಕ್ಕೆ ಸ್ವಲ್ಪ ಅಲ್ಯೂಮಿನಿಯಂ, ಸ್ವಲ್ಪ ಟೈಟೇನಿಯಂ ಸೇರಿಸಿ ಹದವಾಗಿ ಕಾಯಿಸಿದರೆ ಅವು ನಿಕ್ಕೆಲ್ಲಿನ ಜೊತೆ ಕೂಡಿ ಲೋಹದ ತುಂಬ ಕಣ್ಣಿಗೆ ಕಾಣದ ಕಣಗಳಾಗಿ ಕೂರುತ್ತವೆ. ಲೋಹ ಜಗ್ಗುವುದೆಂದರೆ ಅದರೊಳಗಿನ ಪದರಗಳು ಒಂದರ ಮೇಲೊಂದು ಜಾರುವುದು. ಈ ಕಣಗಳು ಒತ್ತೊತ್ತಾಗಿ ಅಡ್ಡ ನಿಂತು ಜಾರಗೊಡುವುದಿಲ್ಲ. ವಿಮಾನದ ಲೋಹದ ತಾಕತ್ತು ಅಷ್ಟೇ, ಅಡ್ಡ ನಿಂತ ಸಣ್ಣವರ ತಾಕತ್ತು.

"ನಿಮ್ಮ ಹಿತ್ತಲದಾಗ ಜಾಲೀ ಮುಳ್ಳಿನ ಬೇಲಿ ಐತಲ್ಲಾ ಯಕ್ಕಾ, ಹಂಗ. ಮುಳ್ಳು ಸಣ್ಣವ, ಆದ್ರ ಒತ್ತಾಗಿ ಅದಾವು, ಆಡು ನುಗ್ಗಂಗಿಲ್ಲ. ಈಗ ಆ ಮುಳ್ಳಷ್ಟನೂ ಕೂಡಿಸಿ ನಾಕು ದಪ್ಪ ಗೂಟಾ ಮಾಡಿ ನಡು. ಕಟಗಿ ಅಷ್ಟ ಐತಿ. ತೂಕಾನೂ ಅಷ್ಟ. ಆಡು ಏನ ಮಾಡತೈತಿ?"

"ನಡಬರಕ ಹಾದು ಬಂದು ಬದ್ನಿಕಾಯಿ ತಿಂತೈತಿ," ಎಂದಳು ಮಾಳವ್ವ.

"ಹಾಂ. ಬೆಂಕ್ಯಾಗ ವರ್ಷಗಟ್ಟಲೆ ಇಟ್ರ ಹಂಗ ಆಗತೈತಿ. ಸಣ್ಣ ಕಣಾ ಕರಗತಾವು. ಕರಗಿದ್ದು ಹೋಗಿ ದೊಡ್ಡ ಕಣಕ್ಕ ಸೇರತೈತಿ. ದೊಡ್ಡವು ಇನ್ನಾ ದೊಡ್ಡವು ಆಗತಾವು, ನಡುವಿನ ಜಾಗಾ ಅಗಲ ಆಗತೈತಿ. ಹೊರಗ ನೋಡಿದ್ರ ಅದ ಬಣ್ಣಾ, ಅದ ಹೊಳಪು."

ಹಣಮಂತ ಎದ್ದು ಹೋಗಿ ಅಡಿಕೆ ಉಗುಳಿ ಬಂದ. ಆಮೇಲೆ, "ನೀ ಕಣ್ಣಿಗೆ ಕಾಣದ್ದ ಹೇಳತಿ. ನಾ ಐದ ವರ್ಷದಿಂದ ದಿನಾ ಅದನ್ನ ನೋಡೇನಿ. ಅದು ನನಗ ಎಂದೂ ಮ್ವಾಸಾ ಮಾಡಿಲ್ಲ" ಎಂದ. ಮಾತಾಡುತ್ತ ಅವನ ಕಣ್ಣು ಗೂಟದ ರುಮಾಲಿನ ಕಡೆ ಹೋಗಿ ಬಂತು.

ದಶರಥ ಅದನ್ನು ಗಮನಿಸಿದ. ಮೇಲಿನಿಂದ ಉದುರಿದ ಒಂದು ತುಂಡು ಬಟ್ಟೆ. ಆ ಬಟ್ಟೆಗಾಗಿ ಈ ಮನುಷ್ಯ ಬೆಂಕಿಯ ಮುಂದೆ ನಿಲ್ಲುತ್ತಾನೆ, ನಿಲ್ಲಿಸಿದವನಿಗೇ ಶರಣು ಎನ್ನುತ್ತಾನೆ. ಸಾಹುಕಾರನ ಮೇಲಿದ್ದ ತಿರಸ್ಕಾರ ಆ ಕ್ಷಣ ಹಣಮಂತನ ಮೇಲೂ ಹರಿಯಿತು. ಅವನು ರೊಟ್ಟಿ ತಿನ್ನದೆ ಎದ್ದ. ಮಾಳವ್ವ ಬಾಗಿಲಿಗೆ ಬಂದು ತೋಳು ಹಿಡಿದಳು. "ಸಿಟ್ಟಿಗೇಳಬ್ಯಾಡ. ಅಂವಾ ಹಂಗ. ನೀ ಏನಾರ ಮಾಡಿ ಅದನ್ನ ತಗಸು. ನನಗ ನಿನ್ನ ಬೇಲಿ ಮಾತು ತಿಳೀತು."

ತಿಳಿಯದವರಿಗೆ ತೋರಿಸಲು ಪುರಾವೆ ಬೇಕಿತ್ತು. ಅಮಾವಾಸ್ಯೆಯ ರಜೆಯ ದಿನ ಭಟ್ಟಿ ಆರಿದ್ದಾಗ ದಶರಥ ಗರಗಸ ತಂದು ಕೊಂಡಿಯ ಬಾಗಿದ ತುದಿಯಲ್ಲಿ, ಭಾರ ಬೀಳದ ಕಡೆ, ಬೆರಳುಗುರಿನಷ್ಟು ಕೊಯ್ದುಕೊಂಡ. ಅದನ್ನು ಹಿಡಿದು ಜೋರಾಪುರ ಪೇಟೆಗೆ ಹೋದ. ಅದೇ ಸರಳಿನ ಉಳಿಕೆ ತುಂಡು, ಬೆಂಕಿಯನ್ನೇ ಕಾಣದ್ದು, ಮುರ್ತುಜಾಸಾಬನ ಅಂಗಡಿಯಲ್ಲಿ ಬಾಗಿಲಿಗೆ ಒತ್ತು ಕೊಡಲು ಇತ್ತು.

ದಶರಥ ಎರಡೂ ತುಂಡುಗಳ ಮುಖವನ್ನು ನುಣ್ಣಗೆ ಉಜ್ಜಿದ. ಎರಡರ ನಡುವೆ ಬೇರಿಂಗಿನ ಒಂದು ಉಕ್ಕಿನ ಗುಂಡು ಇಟ್ಟು ದೊಡ್ಡ ತಿರುಪಿನ ಇಕ್ಕಳದ ಬಾಯಲ್ಲಿ ಸಿಕ್ಕಿಸಿ ತಿರುವಿದ. ಒಂದೇ ಗುಂಡು, ಒಂದೇ ಒತ್ತು. ಬಿಚ್ಚಿ ನೋಡಿದರೆ ಹೊಸ ತುಂಡಿನಲ್ಲಿ ಬಿದ್ದ ಕುಳಿ ಸಾಸಿವೆಯಷ್ಟು, ಹಳೆಯದರಲ್ಲಿ ಜೋಳದ ಕಾಳಿನಷ್ಟು.

ಮುರ್ತುಜಾಸಾಬ ಕನ್ನಡಕ ಏರಿಸಿ ಎರಡನ್ನೂ ತಿರುಗಿಸಿ ನೋಡಿದ. "ನಾ ಬಾಗಿಸಿದಾಗ ಇದು ನನ್ನ ಜೀವಾ ತಿಂದಿತ್ತು ಬೇಟಾ. ಈಗ ನೋಡಿದ್ರ ಬೆಣ್ಣಿ ಆಗೇತಿ."

"ಸಾವಕಾರ್ರ ಮುಂದ ಹೇಳ್ತೀಯೇನು ಚಾಚಾ?"

"ಹೇಳತೇನಿ. ಕೇಳಂಗಿಲ್ಲ. ಅವರಿಗೆ ಕಿವಿ ಇರೂದು ಅತ್ತರಿನ ಹತ್ತಿ ಇಟ್ಕೊಳ್ಳಾಕ."

ಅಕ್ಕಸಾಲಿಗನ ಹತ್ತಿರ ಬಂಗಾರ ಕರಗಿಸುವ ಆಸಿಡ್ಡನ್ನು ಹನಿಯಷ್ಟು ಇಸಕೊಂಡು ದಶರಥ ಎರಡೂ ತುಂಡುಗಳ ಮುಖ ತೊಳೆದ. ಪರಿಚಯದ ಡಾಕ್ಟರರೊಬ್ಬರ ದವಾಖಾನೆಗೆ ಒಯ್ದು, ರಕ್ತದಲ್ಲಿ ಮಲೇರಿಯಾ ಹುಡುಕುವ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಪಕ್ಕದಿಂದ ಬ್ಯಾಟರಿಯ ಬೆಳಕು ಬಿಟ್ಟ. ಹೊಸ ತುಂಡಿನಲ್ಲಿ ಹರಳುಗಳು, ಹರಳುಗಳ ನಡುವೆ ಕೂದಲೆಳೆಯಂಥ ಗೆರೆ. ಒಳಗೆಲ್ಲ ಬಯಲು, ಏಕೆಂದರೆ ಅಲ್ಲಿನ ಕಣಗಳು ಆ ಗಾಜಿಗೆ ನಿಲುಕದಷ್ಟು ಸಣ್ಣವು. ಹಳೆಯದರಲ್ಲಿ ಹರಳುಗಳ ಒಳಗೆ ಸಜ್ಜೆ ಹಿಟ್ಟು ಉದುರಿಸಿದ ಹಾಗೆ ಚುಕ್ಕೆ. ಗಡಿಯ ಗೆರೆಗಳು ಕರಿಮಣಿ ಪೋಣಿಸಿದ ಹಾಗೆ ದಪ್ಪಗಾಗಿದ್ದವು, ಇಂಗಾಲ ಬಂದು ಸಾಲುಗಟ್ಟಿ ಕೂತಿತ್ತು. ಬೆಂಗಳೂರಿನಲ್ಲಿ ಇಂಥದ್ದನ್ನು ಅವನು ಎಷ್ಟೋ ಸಲ ನೋಡಿದ್ದ. ಅಲ್ಲಿ ಅದರ ಕೆಳಗೆ ಅಕ್ಕನ ಗಂಡ ನಿಂತಿರಲಿಲ್ಲ. ಭಾರ ಹೊರದ ತುದಿಯ ಪಾಡೇ ಇದಾದರೆ ಭಾರ ಹೊತ್ತ ದಂಟಿನ ಪಾಡೇನು ಎಂದುಕೊಳ್ಳುತ್ತ ಅವನು ಬ್ಯಾಟರಿ ಆರಿಸಿದ.

ಬಸಗೊಂಡಪ್ಪನ ಆಫೀಸಿನಲ್ಲಿ ಎರಡು ಕುರ್ಚಿ, ಒಂದು ರೇಡಿಯೋ, ತಾನು ಮಂತ್ರಿಗೆ ಹಾರ ಹಾಕುತ್ತಿರುವ ಒಂದು ಫೋಟೋ. ಎರಡನೇ ಕುರ್ಚಿಯಲ್ಲಿ ಗಲಗಲಿ ಸಾಹೇಬರು ಕೂತಿದ್ದರು. ರಸ್ತೆ, ಸೇತುವೆ ಕಟ್ಟಿ ನಿವೃತ್ತರಾದ ಎಂಜಿನಿಯರು. ಈಗ ಬಸಗೊಂಡಪ್ಪನ ಚಹಾ, ಬಸಗೊಂಡಪ್ಪನ ಅಭಿಪ್ರಾಯ, ಎರಡನ್ನೂ ಸೇವಿಸುತ್ತಿದ್ದರು. ದಶರಥ ನಿಂತೇ ಹೇಳಿದ. ತುಂಡುಗಳನ್ನು ಮೇಜಿನ ಮೇಲಿಟ್ಟು ಕುಳಿ ತೋರಿಸಿದ.

"ತಡಿ, ತಡಿ," ಎಂದ ಬಸಗೊಂಡಪ್ಪ. "ಸಣ್ಣವು ಕರಗಿ ದೊಡ್ಡವಕ್ಕ ಸೇರತಾವು. ಅಷ್ಟ ಹೌದಿಲ್ಲೋ?"

"ಹೌದ್ರಿ."

"ಅದರಾಗೇನ ತಪ್ಪೈತಿ? ದೊಡ್ಡವರು ಗಟ್ಟಿ ಆದ್ರ ಊರು ಗಟ್ಟಿ."

ಬಬಲೇಶ್ವರದಲ್ಲಿ ಅವನಿಗೆ ಅಪ್ಪನಿಂದ ಬಂದದ್ದು ಒಂದು ಹೊಲ. ಈಗ ಜೈನಾಪುರದವರೆಗೆ ಬದುವಿಗೆ ಬದು ಕೂಡಿ ಅವನದೇ ಇತ್ತು. ಊರಿನ ಎಕರೆ ಹೆಚ್ಚಾಗಿರಲಿಲ್ಲ, ಭೂಮಿ ಅಷ್ಟೇ ಇತ್ತು. ಅದರ ಮೇಲೆ ಬಾಳುವೆ ಮಾಡಿದ್ದ ಮನೆಗಳು ಮಾತ್ರ ಕರಗಿದ್ದವು. ದಶರಥ ಅದನ್ನು ಆಡಿ ತೋರಿಸಲಿಲ್ಲ.

"ಊರಿಂದು ನನಗ ಗೊತ್ತಿಲ್ಲರಿ. ನಾ ಕೊಂಡೀದು ಹೇಳಾಕತ್ತೇನಿ. ಅದು ಮೆತ್ತಗಾಗೇತಿ. ಇವತ್ತೋ ನಾಳೆಯೋ ಹರೀತೈತಿ."

ಗಲಗಲಿ ಸಾಹೇಬರು ಎದ್ದರು. ಉಳಿದಿಬ್ಬರೂ ಹಿಂದೆ ಬರಲು ಭಟ್ಟಿಯವರೆಗೆ ನಡೆದು ಹೋಗಿ, ಸಣ್ಣ ಸುತ್ತಿಗೆಯಿಂದ ಕೊಂಡಿಗೆ ಒಂದು ಏಟು ಕೊಟ್ಟು, ಕಣ್ಣು ಮುಚ್ಚಿ ತಲೆ ವಾರೆ ಮಾಡಿದರು. ಕೊಂಡಿ ಗಣ್ ಎಂದಿತು. "ಗಂಟಿ ಹಂಗ ನುಡೀತದ," ಎಂದರು. "ಒಡಕಿದ್ರ ದನಿ ಒಡದು ಬರತಿತ್ತು. ಇನ್ನೂ ನೂರು ವರ್ಷ ಬಾಳತದ. ನಮ್ಮ ಪೂರ್ವಜರ ಕಬ್ಬಿಣದ ಕಂಬ ದಿಲ್ಲ್ಯಾಗ ನಿಂತಿಲ್ಲೇನು?"

"ಆ ಕಂಬಾ ಯಾರೂ ಭಟ್ಟ್ಯಾಗ ಇಟ್ಟಿಲ್ಲರಿ," ಎಂದ ದಶರಥ. "ಇದು ಒಡದಿಲ್ಲ, ಮೆತ್ತಗಾಗೇತಿ. ಮೆತ್ತಗಾದದ್ದೂ ನುಡೀತೈತಿ. ನೀವು ಸಂತ್ಯಾಗ ಗಡಗಿ ಬಡದು ನೋಡಿದಂಗ ನೋಡಿದ್ರಿ."

ಸಾಹೇಬರ ಮೂಗಿನ ಹೊಳ್ಳೆ ಅರಳಿತು. ಬಸಗೊಂಡಪ್ಪನ ಕಣ್ಣು ಅಷ್ಟರಲ್ಲಿ ಕೊಂಡಿಯ ತುದಿಗೆ ಹೋಗಿತ್ತು. ಮೆತ್ತಗಾದ ಲೋಹ ಅವನಿಗೆ ಕಾಣಲಿಲ್ಲ. ಗರಗಸದ ಗಾಯ ಕಂಡಿತು.

"ಹಿರೀಕನ ಮೈಗೆ ಗರಗಸಾ ಹಚ್ಚೀದಿ?"

"ತಪಾಸಣಿ ಮಾಡಾಕ ಇಟ್ಟೀರಿ. ಮಾಡೇನಿ."

"ದಸರಾ ಬಂತು. ಬನ್ನಿ ಮರುದಿನಾ ಭಟ್ಟಿ ಹೊತ್ತತೈತಿ. ಮಂದಿ ಎಲ್ಲಾರ ಮುಂದ ಟೆಂಗು ಒಡದು, ಕೊಂಡಿಗೆ ಕೈ ಮುಗದು, ತಪ್ಪಾತು ಅನ್ನು. ಅನ್ನಲಿಲ್ಲಂದ್ರ ಹೊರಗ ನಡಿ. ನಿನ್ನ ಕಣಾ, ಕಾಳು ಏನ ಅದಾವು, ಅವನ್ನ ನಿಮ್ಮ ಓಣ್ಯಾಗ ಹೇಳ್ಕೋಂತ ತಿರಗು."

ಹಣಮಂತ ಸರಪಳಿಯ ಹತ್ತಿರ ನಿಂತು ಎಲ್ಲ ಕೇಳಿದ. ಆ ಸಂಜೆ ತಿಕೋಟಾಕ್ಕೆ ನಡೆಯುತ್ತ ದಶರಥನಿಗೆ, "ಒಂದ ಸಲ ಕೈ ಮುಗದ್ರ ಕೈ ಸವೀತಾವೇನು? ನೌಕರಿ ಉಳೀತೈತಿ" ಎಂದ.

"ಕೈ ಸವಿಯಂಗಿಲ್ಲ ಮಾಂವಾ. ನಾ ಕೈ ಮುಗದಮ್ಯಾಲ ನೀ ಅದರ ಕೆಳಗ ನಿಂದ್ರತಿ. ಹರೀದು ಬಿದ್ದ ದಿನಾ, ನಿನ್ನ ಭಾಮೈದ ತಾನ ಕೈ ಮುಗದಿದ್ದನಲ್ಲಾ ಅಂತಾರ. ಅದಕ್ಕ ಏನ ಹೇಳ್ಲಿ, ಅಕ್ಕಗ ಏನ ಹೇಳ್ಲಿ?"

ಬನ್ನಿಯ ಮರುದಿನ ಭಟ್ಟಿ ಹೊತ್ತಿಸಿದರು. ಕೊಂಡಿಗೆ ಕುಂಕುಮ ಬಳಿದು, ಕೊಯ್ದ ತುದಿಗೆ ಚೆಂಡು ಹೂವಿನ ಮಾಲೆ ಸುತ್ತಿ ಗಾಯ ಮುಚ್ಚಿದ್ದರು. ಹೊಸ ಧೋತರ ಉಟ್ಟ ಬಸಗೊಂಡಪ್ಪ, ಶಾಲು ಹೊದ್ದ ಗಲಗಲಿ ಸಾಹೇಬರು, ಕೆಲಸದವರೆಲ್ಲ ಭಟ್ಟಿಯ ಸುತ್ತ ನಿಂತಿದ್ದರು. ವರ್ಷದ ಮೊದಲ ಬುಟ್ಟಿ ಬೆಂಕಿಗೆ ಇಳಿದಾಗ ಹೂವು ಚುರ್ರೆಂದು ಬೂದಿಯಾಯಿತು. ಕುಳಗಳು ಕೆಂಪೇರತೊಡಗಿದವು. ಹಣಮಂತನ ಜೊತೆಗಾರ ಲಾಡಲೇಸಾಬ ಸರಪಳಿ ಹಿಡಿದ. ಹಣಮಂತ ಹೊಸ ರುಮಾಲು ಸುತ್ತಿಕೊಂಡು ಕೋಲು ಕೈಗೆತ್ತಿಕೊಂಡ.

ಬಸಗೊಂಡಪ್ಪ ತೆಂಗಿನಕಾಯಿಯನ್ನು ದಶರಥನ ಕಾಲ ಹತ್ತಿರ ಉರುಳಿಸಿದ. "ಹೂಂ. ಒಡಿ."

ದಶರಥ ಕಾಯಿ ಎತ್ತಿಕೊಂಡ. "ಒಡೀತೇನ್ರಿ. ಕೈನೂ ಮುಗೀತೇನಿ. ಒಂದ ಮಾತು. ಸಾಹೇಬ್ರು ನೂರು ವರ್ಷ ಅಂದಾರ. ನನಗ ನೂರು ವರ್ಷ ಬ್ಯಾಡ. ಈ ಒಂದು ಬುಟ್ಟಿ ಭಟ್ಟಿಯಿಂದ ಹೌದಿಗೆ ಹೋಗೂತನಕ ಸಾಹೇಬ್ರು ಹಣಮಂತ ಮಾಂವನ ಜಾಗಾದಾಗ ಕೋಲ ಹಿಡದು ನಿಂದ್ರಲಿ. ನಾ ಇಲ್ಲೇ ಅಡ್ಡ ಬೀಳತೇನಿ."

ಗಲಗಲಿ ಸಾಹೇಬರು ಶಾಲು ಸರಿ ಮಾಡಿಕೊಂಡರು. "ಇದು ಮಜೂರರ ಕೆಲಸ. ಇದಕ್ಕ ರೂಢಿ ಬೇಕಾಗತದ."

"ಕೋಲು ನೂಕೂದಷ್ಟರಿ. ಮಾಂವಾ ಬಾಜೂಕ ನಿಂತು ಹೇಳಿಕೊಡತಾನ."

"ನನಗ ಬಿಸಿ ಆಗಿ ಬರೂದಿಲ್ಲ. ಡಾಕ್ಟರು ಹೇಳ್ಯಾರ."

"ಹಂಗಾದ್ರ ಸಾವಕಾರ್ರ ನಿಂದ್ರಲಿ. ಹಿರೀಕನ ಮ್ಯಾಲ ಅವರ ಭಕ್ತಿ ದೊಡ್ಡದು."

ಎಲ್ಲರ ಕಣ್ಣೂ ಬಸಗೊಂಡಪ್ಪನ ಕಡೆ ತಿರುಗಿದವು. ಅವನು ನಕ್ಕ. ನಗುತ್ತಲೇ ಧೋತರದ ಅಂಚನ್ನು ಕೈಗೆತ್ತಿಕೊಂಡ, ಮುಂದೆ ಹೆಜ್ಜೆ ಇಡುವವನ ಹಾಗೆ. ಹೆಜ್ಜೆ ಹಿಂದೆ ಬಿತ್ತು. "ಹೊಸಾ ಧೋತರ," ಎಂದ. "ಕಿಡಿ ಹಾರತೈತಿ." ಮತ್ತೊಂದು ಹೆಜ್ಜೆ ಹಿಂದೆ. ಅವನ ಬಾಯಿ ಹಿರೀಕನ ಹಿರಿಮೆಯನ್ನು ಹೇಳುತ್ತಲೇ ಇತ್ತು, ಕಾಲುಗಳು ಮಾತ್ರ ಬೇರೆಯವರ ಕಾಲುಗಳೇನೋ ಎಂಬಂತೆ ಬಾಗಿಲಿನತ್ತ ಸರಿಯುತ್ತಿದ್ದವು. ಗಲಗಲಿ ಸಾಹೇಬರು ಅವನಿಗಿಂತ ಮೊದಲೇ ಕಂಬದ ಹಿಂದೆ ಸೇರಿದ್ದರು.

ಹಣಮಂತ ಆ ಕಾಲುಗಳನ್ನೇ ನೋಡುತ್ತಿದ್ದ. ಧೋತರದ ಅಂಚಿನಿಂದ ಹೊಸ್ತಿಲವರೆಗೆ ನೋಡಿದ. ಆಮೇಲೆ ಕೋಲನ್ನು ಶಬ್ದವಾಗದ ಹಾಗೆ ನೆಲದ ಮೇಲೆ ಇಟ್ಟು ಪಕ್ಕಕ್ಕೆ ಸರಿದು ನಿಂತ.

"ಕುಳಾ ಸುಡತಾವಲೇ ಹಣಮ್ಯಾ," ಎಂದ ಬಸಗೊಂಡಪ್ಪ ಬಾಗಿಲಿನಿಂದ. "ಕೋಲ ಹಿಡಿ."

"ನೀವ ಬರ್ರಿ ಸಾವಕಾರ್ರ. ಇಬ್ಬರೂ ಕೂಡಿ ಹಿಡಿಯೂಣು."

"ಲಾಡಲೇ, ನೀ ಹಿಡಿ."

"ನನ್ನ ಕೈಯಾಗ ಸರಪಳಿ ಐತ್ರಿ," ಎಂದ ಲಾಡಲೇಸಾಬ. ಉಳಿದವರು ತಮ್ಮ ತಮ್ಮ ಕೈಯಲ್ಲಿ ಏನೋ ಇದೆ ಎಂಬಂತೆ ಅಂಗೈ ನೋಡಿಕೊಂಡರು.

ಕಡೆಗೆ ಬಸಗೊಂಡಪ್ಪನೇ ಉಪಾಯ ಹೇಳಿದ. ಎರಡು ಕೋಲು ಜೋಡಿಸಿ ಕಟ್ಟಿ, ಗೋಡೆಯ ಆಚೆ ನಿಂತು ಕಿಟಕಿಯಿಂದ ನೂಕಬೇಕು. ಇಬ್ಬರು ಕೆಲಸದವರು ಹಾಗೇ ಮಾಡಿದರು. ಲಾಡಲೇಸಾಬ ಸರಪಳಿಯನ್ನು ಉದ್ದಕ್ಕೆ ಬಿಟ್ಟು ದೂರದಿಂದ ಎಳೆದ. ಬುಟ್ಟಿ ಮೇಲೆದ್ದು, ಓಲಾಡಿ, ಕುಡುಕನ ಹಾಗೆ ಹೌದಿನ ನೆತ್ತಿಗೆ ಬಂದು ಎಣ್ಣೆಗೆ ಇಳಿಯಿತು. ಬುಸ್ ಎಂದು ಹೊಗೆ ಎದ್ದಿತು. ಕೊಂಡಿ ಹರಿಯಲಿಲ್ಲ.

ಬಸಗೊಂಡಪ್ಪ ಹೊಗೆ ಆರುವುದನ್ನೂ ಕಾಯದೆ ಒಳಗೆ ಬಂದ. "ಹರೀತೇನು? ಏ ದಶರಥ, ಹರೀತೇನು? ಎಲ್ಲಾರೂ ನೋಡಿದಿರಿಲ್ಲೋ?"

ದಶರಥನಿಗೆ ಉತ್ತರ ಗೊತ್ತಿತ್ತು. ಲೋಹ ನಾಟಕದವರ ಹಾಗೆ ಹೇಳಿದ ಹೊತ್ತಿಗೆ ಮುರಿಯುವುದಿಲ್ಲ; ಈ ಬುಟ್ಟಿಗೆ ತಡೆದದ್ದು ಇನ್ನೊಂದಕ್ಕೆ ತಡೆಯದೆ ಹೋಗಬಹುದು. ಹೇಳಲು ಬಾಯಿ ತೆರೆದ. ಅವನಿಗಿಂತ ಮೊದಲು ಹಣಮಂತ ಮಾತಾಡಿದ.

"ನೋಡಿದಿವ್ರಿ. ಹರೀಲಿಲ್ಲ. ನೀವು ಎಲ್ಲಿ ನಿಂತಿದ್ರಿ ಅನ್ನೂದೂ ನೋಡಿದಿವಿ."

"ಏನಂದಿ?"

"ಮುರ್ತುಜಾಸಾಬನ ಕಡಿಂದ ಕಬ್ಬಿಣದ ಕೊಂಡಿ ತರಸ್ರಿ. ಅದು ಬರೂತನಕ ಭಟ್ಟಿ ಮುಂದ ನಾ ನಿಂದ್ರಂಗಿಲ್ಲ."

"ನಾ ಬ್ಯಾರೇದವರನ್ನ ತರತೇನಿ."

"ತರ್ರಿ. ಅವರಿಗೂ ಇವತ್ತಿಂದು ಹೇಳತೇವಿ." ಇದನ್ನು ಹೇಳಿದವನು ಲಾಡಲೇಸಾಬ. ಸರಪಳಿಯನ್ನು ಕಂಬಕ್ಕೆ ಸುತ್ತಿ, ಹಣಮಂತನ ಹಿಂದೆ ಅವನೂ ಹೊರಗೆ ಬಂದ. ಒಬ್ಬೊಬ್ಬರಾಗಿ ಉಳಿದವರೂ ಬಂದು ಬೇವಿನ ನೆರಳಲ್ಲಿ ಕೂತರು.

ಬಸಗೊಂಡಪ್ಪ ಬೈದ. ಬೈಯಲು ಅವನಲ್ಲಿ ಇದ್ದ ಮಾತೆಲ್ಲ ಜಾತಿಯದೇ, ಬೇರೆ ಬಂಡವಾಳ ಇರಲಿಲ್ಲ. ಅದೂ ತೀರಿದ ಮೇಲೆ ಗಲಗಲಿ ಸಾಹೇಬರ ಕಡೆ ನೋಡಿದ. ಸಾಹೇಬರು ತಮ್ಮ ಶಾಲಿನ ಮೇಲಿನ ಮಸಿಯನ್ನು ಉಗುರಿನಿಂದ ಕೆರೆಯುತ್ತಿದ್ದರು. ಬಿಸಿಲು ಏರುವ ಹೊತ್ತಿಗೆ ಗುಮಾಸ್ತನೊಬ್ಬ ಸೈಕಲ್ಲು ಹತ್ತಿ ಜೋರಾಪುರ ಪೇಟೆಯ ಕಡೆ ಹೋದ, ಕಬ್ಬಿಣದ ಕೊಂಡಿ ತರಲು. ಹೋಗುವ ಮುನ್ನ ದಶರಥನ ಹತ್ತಿರ ಬಂದು, "ನಾಳಿಂದ ನೀವು ಬರೂದು ಬ್ಯಾಡ ಅಂದಾರ್ರಿ ಸಾವಕಾರ್ರು" ಎಂದ.

ದಶರಥ ತಲೆ ಅಲ್ಲಾಡಿಸಿದ. ತೆಂಗಿನಕಾಯಿ ಇನ್ನೂ ಅವನ ಕೈಯಲ್ಲೇ ಇತ್ತು. ಅದನ್ನು ಕಲ್ಲಿಗೆ ಕುಟ್ಟಿ ಒಡೆದು ಹೋಳು ಮಾಡಿ ಎಲ್ಲರಿಗೂ ಕೊಟ್ಟ. ಹಣಮಂತ ತನ್ನ ಪಾಲನ್ನು ಅಗಿಯುತ್ತ ಕೂತಿದ್ದ.

"ನಿನಗ ಬೇಲಿ ಕಥೀ ಹೇಳಿದ್ನಿ," ಎಂದ ದಶರಥ. "ಗುಂಡಿನ ಕುಳಿ ತೋರಸಿದ್ನಿ. ಆಗ ನಂಬಲಿಲ್ಲ. ಆ ಬಡಿವಾರದವನ ಕಾಲು ನೋಡಿ ನಂಬಿದಿ."

"ನಿನ್ನ ಕಣಾ ನನಗ ಕಾಣಂಗಿಲ್ಲ ತಮ್ಮಾ," ಎಂದ ಹಣಮಂತ. "ಅವನ ಕಾಲು ಕಾಣಸತಾವು."